ಕಿವಿಯ ಉದ್ಯಮ

(ನಂಗವಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ನಾಲ್ಕು ಮಾತನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. "ಸಾಹಿತ್ಯದ ವಿಚಾರವನ್ನು ಬೇರೆಯವರು ಹೇಳುತ್ತಾರೆ, ತಾವು ನಮ್ಮ ಹುಡುಗರಿಗೆ ಉಪಯೋಗವಾಗುವಂತೆ ಯಾವುದಾದರೊಂದು ಉದ್ಯಮದ ಕಥೆಯನ್ನು ಹೇಳಿರಿ" ಎಂದರು. ಯಾವ ಉದ್ಯಮವನ್ನು ಆರಿಸಿಕೊಳ್ಳಲಿ ಎಂದು ಯೋಚಿಸುತ್ತ ಬಸ್ಸಿನಿಂದ ಇಳಿದೆ. ನಿಲ್ದಾಣದಲ್ಲಿ ನಿಂತಿದ್ದ ಹತ್ತು ಹುಡುಗರಲ್ಲಿ ಏಳೆಂಟು ಮಂದಿಯ ಕಿವಿಗಳಲ್ಲಿ ಹೆಡ್‌ಫೋನುಗಳಿದ್ದುವು. ನಾನು ಕನ್ನಡದಲ್ಲಿ ದಾರಿ ಕೇಳಿದೆ, ಒಬ್ಬನಿಗೂ ಕೇಳಿಸಲಿಲ್ಲ. ಕಡೆಗೆ ಒಬ್ಬ ಹುಡುಗ ಕಿವಿಯಿಂದ ಅದನ್ನು ತೆಗೆದು, ಅಚ್ಚ ಕನ್ನಡದಲ್ಲಿಯೇ, "ಯಾರ ಮನೆಗೆ ಹೋಗಬೇಕು ತಾತ?" ಎಂದು ಕೇಳಿದ. ನನ್ನ ಭಾಷಣದ ವಿಷಯ ಅಲ್ಲಿಯೇ ನಿಶ್ಚಯವಾಯಿತು. ಕಿವಿಗೆ ಹಚ್ಚುವ ಈ ಸಣ್ಣ ಯಂತ್ರವನ್ನು ಮೊದಲು ಯಾರು ಮಾಡಿದರು, ಅದು ಉದ್ಯಮವಾಗಿ ಹೇಗೆ ಬೆಳೆಯಿತು, ನಮ್ಮ ಕನ್ನಡ ನಾಡಿನಲ್ಲಿ ಅದಕ್ಕೆ ಸಮೀಪವಾದ ಉದ್ಯಮ ಯಾವುದು, ಅದರಿಂದ ಗಡಿಯಲ್ಲಿರುವ ನಮಗೆ ಏನು ಪ್ರಯೋಜನ ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನಮ್ಮ ಸ್ಥಿತಿಯನ್ನು ಒಂದು ಮಾತಿನಲ್ಲಿ ನೆನೆಯೋಣ. ಈ ಸೀಮೆಯಲ್ಲಿ ಕನ್ನಡ ನಿನ್ನೆ ಮೊನ್ನೆ ಬಂದುದಲ್ಲ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ದೊರೆತಿವೆ. 1792ರ ಒಪ್ಪಂದದಲ್ಲಿ ಟೀಪೂ ಸುಲ್ತಾನನು ಬಾರಾಮಹಲನ್ನು ಕಂಪೆನಿಯವರಿಗೆ ಬಿಟ್ಟುಕೊಡುವವರೆಗೆ ಇದು ಮೈಸೂರಿನ ಆಳ್ವಿಕೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಾವು ಈ ಕಡೆ ಉಳಿದೆವು. ನೆರೆಯ ತಮಿಳು ಬಂಧುಗಳೊಡನೆ ಅನ್ಯೋನ್ಯವಾಗಿ ಬಾಳುತ್ತಿದ್ದೇವೆ. ನಮ್ಮ ಮಕ್ಕಳು ತಮಿಳಿನಲ್ಲಿ ಓದಿ ಮುಂದಕ್ಕೆ ಬಂದಿದ್ದಾರೆ. ಅದಕ್ಕಾಗಿ ನಮಗೆ ಸಂತೋಷವೇ ಉಂಟು. ಆದರೆ ಅದರ ಪರಿಣಾಮವಾಗಿ ನಮ್ಮ ಕನ್ನಡ ಕಣ್ಣಿನಿಂದ ದೂರವಾಗಿ ಕಿವಿಯಲ್ಲಿ ಮಾತ್ರ ನಿಂತಿದೆ. ನರಸಿಂಹಸ್ವಾಮಿಯ ಜಾತ್ರೆಯಲ್ಲಿ ನಿಂತು ಕೇಳಿದರೆ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಆಡುವವರಲ್ಲಿ ಅದನ್ನು ಬರೆಯಬಲ್ಲವರೆಷ್ಟು ಮಂದಿ ಎಂದು ಎಣಿಸಹೊರಟರೆ ಬೆರಳುಗಳೇ ಹೆಚ್ಚಾದಾವು. ಆದುದರಿಂದ ಕಿವಿಗೆ ಸಂಬಂಧಪಟ್ಟ ಯಾವ ಸಂಗತಿಯೂ ನಮಗೆ ಪರಕೀಯವಲ್ಲ.

ಈಗ ಯಂತ್ರದ ವಿಷಯ. ಹೆಡ್‌ಫೋನೆಂದರೆ ಟೆಲಿಫೋನಿನ ಕಿವಿಯ ಭಾಗವೇ. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬಾತ ಟೆಲಿಫೋನಿಗೆ ಹಕ್ಕುಪತ್ರ ಪಡೆದ. ಅದರೊಳಗೆ ಒಂದು ಅಯಸ್ಕಾಂತ, ಸಣ್ಣ ತಂತಿಯ ಒಂದು ಸುರುಳಿ, ಎದುರಿಗೆ ಒಂದು ತೆಳುವಾದ ತಗಡು ಇರುತ್ತವೆ. ತಂತಿಯಲ್ಲಿ ಹರಿದುಬರುವ ವಿದ್ಯುತ್ತು ಮಾತಿನ ಏರಿಳಿತಕ್ಕೆ ತಕ್ಕಂತೆ ಹೆಚ್ಚು ಕಡಮೆಯಾಗುತ್ತದೆ, ಅದರಂತೆ ಕಾಂತದ ಸೆಳೆತವೂ ಏರಿಳಿಯುತ್ತದೆ, ತಗಡು ಅದುರುತ್ತದೆ, ಆ ಅದುರು ಗಾಳಿಯಲ್ಲಿ ಅಲೆಯಾಗಿ ಕಿವಿಯ ತಮಟೆಗೆ ತಾಕುತ್ತದೆ. ಇಂದಿನ ಹೆಡ್‌ಫೋನುಗಳಲ್ಲಿ ತಗಡಿನ ಬದಲು ತೆಳುವಾದ ಪೊರೆಯಿದೆ, ಸುರುಳಿ ಆ ಪೊರೆಗೇ ಅಂಟಿಕೊಂಡಿರುತ್ತದೆ. ತತ್ತ್ವ ಮಾತ್ರ ಹಳೆಯದೇ.

ಬಹುಕಾಲ ಈ ಯಂತ್ರ ಹೆಚ್ಚಾಗಿ ಟೆಲಿಫೋನು ಕಚೇರಿಯಲ್ಲಿಯೇ ಬಳಕೆಯಾಗುತ್ತಿತ್ತು. ಅದನ್ನು ತಲೆಯ ಮೇಲೆ ಚೆನ್ನಾಗಿ ಕೂರಿಸಿದವನು ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್‌ವಿನ್. 1878ರಲ್ಲಿ ಹುಟ್ಟಿದ ಆತ ಬಹಳ ದೈವಭಕ್ತ. ದೊಡ್ಡ ಪ್ರಾರ್ಥನಾಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತರೆ ಉಪದೇಶ ಕೇಳಿಸುತ್ತಿರಲಿಲ್ಲವಾದುದರಿಂದ ಧ್ವನಿಯನ್ನು ಹಿಗ್ಗಿಸುವ ಉಪಾಯಗಳನ್ನು ಹುಡುಕತೊಡಗಿದನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ನೋಡಿರಿ, ದೇವರ ಮಾತು ಕಿವಿಗೆ ಬೀಳಲಿಲ್ಲವೆಂಬ ಕೊರಗೇ ಒಂದು ಉದ್ಯಮಕ್ಕೆ ಬೀಜವಾಯಿತು. ಅಬ್ರಕದ ಹಲ್ಲೆಯನ್ನು ಪೊರೆಯಾಗಿ ಮಾಡಿ, ಒಂದೊಂದು ಕಿವಿಯ ಬಟ್ಟಲಿನಲ್ಲಿಯೂ ಮೈಲಿಗೆ ಸಮೀಪವಾದ ಸಣ್ಣ ತಾಮ್ರದ ತಂತಿಯನ್ನು ಸುತ್ತಿ, ಆತ ಒಂದು ಜೊತೆ ಯಂತ್ರಗಳನ್ನು 1910ರಲ್ಲಿ ಅಮೆರಿಕದ ನೌಕಾಪಡೆಗೆ ಕಳುಹಿಸಿಕೊಟ್ಟ. ಪರೀಕ್ಷಿಸಿದವರು ಬೆರಗಾದರು, ತಮ್ಮಲ್ಲಿದ್ದ ಯಾವ ಯಂತ್ರಕ್ಕಿಂತಲೂ ಇದು ಸೂಕ್ಷ್ಮವಾಗಿತ್ತು. ಹೆಚ್ಚು ಬೇಕೆಂದು ಬೇಡಿಕೆ ಕಳುಹಿಸಿದರೆ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮಾಡಲಾರೆನೆಂದು ಉತ್ತರ ಬಂತು. ಏತಕ್ಕೆಂದರೆ ಆತನ ಕಾರ್ಖಾನೆ ಅಡಿಗೆಮನೆಯಲ್ಲಿತ್ತು!

ಮುಂದೆ ಮೊದಲನೆಯ ಮಹಾಯುದ್ಧ ಬಂತು, ಹಡಗುಗಳಿಗೆ ನಿಸ್ತಂತು ಯಂತ್ರಗಳು ಬಂದುವು, ಬೇಡಿಕೆ ನೂರ್ಮಡಿಸಿತು. ಯೂಟಾದ ಕಣಿವೆಯಲ್ಲಿ ಕಾರ್ಖಾನೆ ಎದ್ದಿತು. ಯುದ್ಧವಾದ ಬಳಿಕ ರೇಡಿಯೋ ಜನಸಾಮಾನ್ಯರ ಮನೆಗಳಿಗೂ ಬಂದು, ವ್ಯಾಪಾರ ಇನ್ನೂ ಹೆಚ್ಚಿತು. ಆದರೆ ಬಾಲ್ಡ್‌ವಿನ್ನನಿಗೆ ಯಂತ್ರದ ಮೇಲಿದ್ದ ಲಕ್ಷ್ಯ ಲೆಕ್ಕದ ಪುಸ್ತಕದ ಮೇಲಿರಲಿಲ್ಲ. ಸ್ನೇಹಿತರೆಂದು ನಂಬಿದವರಿಗೆ ಕಂಪೆನಿಯ ಆಡಳಿತದಲ್ಲಿ ಸ್ಥಾನ ಕೊಟ್ಟ, ಗಳಿಸಿದ ಹಣವನ್ನು ನಿಷ್ಫಲವಾದ ಕಾರ್ಯಗಳಲ್ಲಿ ತೊಡಗಿಸಿದ. 1924ರಲ್ಲಿ ಕಂಪೆನಿ ದಿವಾಳಿಯೆದ್ದಿತು. ಆಮೇಲೆ ವ್ಯವಹಾರದ ಮೋಕದ್ದಮೆಯೊಂದರಲ್ಲಿ ಸಿಕ್ಕಿ ಸೆರೆಮನೆಯನ್ನೂ ಕಂಡು, 1961ರಲ್ಲಿ ಬಡವನಾಗಿಯೇ ತೀರಿಕೊಂಡ. ಲೋಕದ ಕಿವಿಗೆ ಉಪಕಾರ ಮಾಡಿದವನ ಕಿವಿಗೆ ಹಿತವಾದ ಮಾತನ್ನು ಹೇಳುವವರು ಇರಲಿಲ್ಲವೋ, ಹೇಳಿದರೂ ಆತ ಕೇಳಲಿಲ್ಲವೋ!

ಆ ಕಾಲದಲ್ಲಿ ನಮ್ಮ ಕಡೆಯೂ ಹೆಡ್‌ಫೋನು ಕಾಲಿಟ್ಟಿತು. ಸೇಲಂ ಜಿಲ್ಲೆ ಸೇರಿದ್ದ ಮದರಾಸು ಪ್ರಾಂತದಲ್ಲಿ 1924ರಲ್ಲಿ ಮದರಾಸು ರೇಡಿಯೋ ಕ್ಲಬ್ಬು ಹುಟ್ಟಿ ಪ್ರಸಾರವನ್ನು ಆರಂಭಿಸಿತು. ಸ್ಫಟಿಕದ ಹರಳನ್ನಿಟ್ಟ ಅಂದಿನ ಅಗ್ಗದ ಪೆಟ್ಟಿಗೆಗಳಿಗೆ ವಿದ್ಯುತ್ತೇ ಬೇಕಾಗಿರಲಿಲ್ಲ. ಆದರೆ ಹೆಡ್‌ಫೋನು ಹಚ್ಚಿಕೊಂಡಲ್ಲದೆ ಅದರ ಕ್ಷೀಣವಾದ ಧ್ವನಿ ಕೇಳಿಸುತ್ತಿರಲಿಲ್ಲ. ಅತ್ತ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. "ಆಕಾಶವಾಣಿ" ಎಂಬ ಹೆಸರು ಅಲ್ಲಿ ನೆಲೆಗೊಂಡು, ಆಮೇಲೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಈ ಸಭೆಯಲ್ಲಿರುವ ಹಿರಿಯರಿಗೆ ನೆನಪಿರಬಹುದು: ರಾತ್ರಿಯ ಹೊತ್ತು ಬೆಂಗಳೂರು ನಿಲಯವನ್ನು ಹಿಡಿಯುವುದಕ್ಕಾಗಿ ರೇಡಿಯೋದ ತಿರುಪನ್ನು ಎಷ್ಟು ಮೆಲ್ಲಗೆ ತಿರುಗಿಸುತ್ತಿದ್ದೆವು! ಶಾಲೆಯಲ್ಲಿ ಕನ್ನಡ ಕಲಿಯದ ನಮ್ಮಂಥವರಿಗೆ ಆ ಕೊರಕೊರ ಸದ್ದಿನ ನಡುವೆ ಬಂದ ವಾರ್ತೆಗಳೇ ಗ್ರಂಥಕನ್ನಡದ ಪಾಠವಾದುವು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಉದ್ಯಮ ಹೊಸ ಹುಟ್ಟು ಪಡೆಯಿತು. 1945ರಲ್ಲಿ, ಜರ್ಮನಿ ಸೋತು ಹಾಳುಬಿದ್ದಿದ್ದ ಸಮಯದಲ್ಲಿ, ಹ್ಯಾನೋವರಿನ ಬಳಿಯ ವೆನ್ನೆಬೋಸ್ಟೆಲ್ ಎಂಬ ಹಳ್ಳಿಯ ಒಂದು ತೋಟದ ಮನೆಯಲ್ಲಿ ಫ್ರಿಟ್ಸ್ ಸೆನ್‌ಹೈಸರ್ ಎಂಬ ವಿದ್ಯುತ್ ಶಾಸ್ತ್ರಜ್ಞರು ಕೆಲವೇ ಮಂದಿ ಸಂಗಡಿಗರೊಡನೆ ಕೆಲಸ ಆರಂಭಿಸಿದರು. ಮೊದಲು ಮಾಡಿದ್ದು ವಿದ್ಯುತ್ತಿನ ಒತ್ತಡವನ್ನು ಅಳೆಯುವ ಯಂತ್ರ, ಆಮೇಲೆ ಧ್ವನಿಗ್ರಾಹಕಗಳು. 1968ರಲ್ಲಿ ಅವರ ಕಂಪೆನಿ ಹೊರತಂದ ಹಗುರವಾದ, ಕಿವಿಯನ್ನು ಮುಚ್ಚದ ಹೆಡ್‌ಫೋನು ಲೋಕದಲ್ಲೆಲ್ಲ ಬಹು ಹೆಚ್ಚಾಗಿ ಮಾರಾಟವಾದ ಸಾಲಿಗೆ ಸೇರಿತು. ಅಮೆರಿಕದಲ್ಲಿ ಮಿಲ್ವಾಕೀ ನಗರದ ಜಾನ್ ಕಾಸ್ ಎಂಬ ತರುಣ, ಮದುವೆಯಲ್ಲಿ ಸೋಫಾ ಕೊಳ್ಳಲೆಂದು ಬಂದ 200 ಡಾಲರು ಉಡುಗೊರೆಯನ್ನು 1953ರಲ್ಲಿ ಬಂಡವಾಳವಾಗಿ ಹೂಡಿ, ಆಸ್ಪತ್ರೆಯ ರೋಗಿಗಳಿಗೆ ಟೆಲಿವಿಷನ್ನುಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರವನ್ನು ಹಿಡಿದ. 1958ರಲ್ಲಿ ಇಂಜಿನಿಯರ್ ಮಾರ್ಟಿನ್ ಲ್ಯಾಂಗೆಯವರೊಡನೆ ಕೂಡಿ ಒಂದು ಗ್ರಾಮಫೋನು ಪೆಟ್ಟಿಗೆಯನ್ನು ಮಾಡಿ ಪ್ರದರ್ಶನಕ್ಕೆ ಇಟ್ಟ. ಜನ ಬಂದರು, ಪೆಟ್ಟಿಗೆಯನ್ನು ಯಾರೂ ಅಷ್ಟಾಗಿ ಕೇಳಲಿಲ್ಲ, ಅದರ ಜೊತೆಗಿದ್ದ, ಎರಡು ಕಿವಿಗೂ ಬೇರೆ ಬೇರೆ ಧ್ವನಿಯನ್ನು ಕೊಡುವ ಹೆಡ್‌ಫೋನಿಗೇ ಮುಗಿಬಿದ್ದರು. ಬುದ್ಧಿವಂತನಾದ ಕಾಸ್ ಪೆಟ್ಟಿಗೆಯ ಆಸೆಯನ್ನು ಬಿಟ್ಟು ಹೆಡ್‌ಫೋನನ್ನೇ ಹಿಡಿದ. ಸಂಗೀತವನ್ನು ಕೇಳಲೆಂದೇ ಹೆಡ್‌ಫೋನನ್ನು ಮಾಡುವ ಉದ್ಯಮ ಹೀಗೆ ಮೊದಲಾಯಿತು. ಆ ಕಂಪೆನಿಯೂ ಕಷ್ಟ ಕಾಣದೆ ಇರಲಿಲ್ಲ. ಹಣಕಾಸಿನ ಅಧಿಕಾರಿಯೊಬ್ಬರು ವರ್ಷಗಟ್ಟಲೆ ಕೋಶದಿಂದ 3 ಕೋಟಿ ಡಾಲರಿಗೂ ಮಿಕ್ಕಿ ಹಣವನ್ನು ಅಪಹರಿಸಿದುದು 2009ರಲ್ಲಿ ಬಯಲಾಯಿತು. ಆದರೂ ಕಂಪೆನಿ ಎದ್ದು ನಿಂತಿತು.

ನಮ್ಮ ದೇಶದ ರಕ್ತದವರೂ ಈ ಉದ್ಯಮದಲ್ಲಿ ಹೆಸರು ಪಡೆದಿದ್ದಾರೆ. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯಪ್ರೇಮಿಯೊಬ್ಬರ ಮಗನಾದ ಅಮರ ಬೋಸ್ ಅವರು 1964ರಲ್ಲಿ ತಮ್ಮ ಹೆಸರಿನ ಕಂಪೆನಿಯನ್ನು ಸ್ಥಾಪಿಸಿದರು. 1978ರಲ್ಲಿ ವಿಮಾನದಲ್ಲಿ ಕುಳಿತಿದ್ದಾಗ ಯಂತ್ರದ ಗದ್ದಲದಿಂದ ಸಂಗೀತ ಕೇಳಿಸದೆ ಹೋಗಲು, ಹೊರಗಿನ ಸದ್ದಿನ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಆ ಸದ್ದನ್ನು ಅಡಗಿಸುವ ಉಪಾಯವನ್ನು ಅಲ್ಲಿಯೇ ಕುಳಿತು ಲೆಕ್ಕ ಹಾಕಿದರಂತೆ. ಆ ಉಪಾಯ 1989ರಲ್ಲಿ ವಿಮಾನ ಚಾಲಕರ ಹೆಡ್‌ಫೋನಾಗಿ ಮಾರುಕಟ್ಟೆಗೆ ಬಂತು. ಹತ್ತು ವರ್ಷಗಳಿಗೂ ಮೀರಿದ ತಾಳ್ಮೆ! ಈ ನಡುವೆ 1979ರಲ್ಲಿ ಜಪಾನಿನ ಸೋನಿ ಕಂಪೆನಿಯವರು ಕಿಸೆಯಲ್ಲಿಟ್ಟುಕೊಂಡು ತಿರುಗಾಡುವ ವಾಕ್‌ಮನ್ನನ್ನು ತಂದು, ಹೆಡ್‌ಫೋನನ್ನು ಮನೆಯ ಹೊರಗೆ ಬೀದಿಗೆ ಇಳಿಸಿದರು.

ಹಾಗಾದರೆ ಕನ್ನಡ ನಾಡಿನ ಕಥೆಯೇನು? ಕಿವಿಗೆ ಹಚ್ಚುವ ಯಂತ್ರವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ ಕಾರ್ಖಾನೆಯೆಂದರೆ ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಆರಂಭವಾದ ಇದು ಸ್ವತಂತ್ರ ಭಾರತದ ಮೊದಲನೆಯ ಸರ್ಕಾರೀ ಉದ್ಯಮವೆಂದು ಹೆಸರಾಯಿತು. ಇಂಗ್ಲೆಂಡಿನ ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪೆನಿಯವರು ವಿದ್ಯೆಯನ್ನು ಕೊಟ್ಟರು. ಮೈಸೂರು ಸರ್ಕಾರವೂ ಪಾಲುದಾರನಾಗಿ ಸೇರಿತು. 1940ರಲ್ಲಿ ಸ್ಥಾಪಿತವಾಗಿದ್ದ ವಿಮಾನ ಕಾರ್ಖಾನೆಯಿಂದಾಗಿ ಬೆಂಗಳೂರಿನಲ್ಲಿ ಆಗಲೇ ನುರಿತ ಕೆಲಸಗಾರರಿದ್ದರು. ಹಳೆಯ ಮದರಾಸು ರಸ್ತೆಯ ಮಗ್ಗುಲಲ್ಲಿ ಕಾರ್ಖಾನೆಯ ಸುತ್ತ ಒಂದು ಊರೇ ಬೆಳೆಯಿತು. ಅದಕ್ಕೆ "ದೂರವಾಣಿ ನಗರ" ಎಂಬ ಅಂದವಾದ ಹೆಸರಾಯಿತು. ಕರಿಯ ಬಣ್ಣದ, ಬೆರಳಿನಿಂದ ತಿರುಗಿಸುವ ಚಕ್ರದ ಆ ಭಾರವಾದ ಟೆಲಿಫೋನನ್ನು ತಾವೆಲ್ಲರೂ ಅಂಚೆ ಕಚೇರಿಯಲ್ಲಿ ಕಂಡಿದ್ದೀರಿ. ಅದರ ಹಿಡಿಕೆಯನ್ನು ಕಿವಿಗಿಟ್ಟಾಗ ಬಂದ "ಹಲೋ" ಎಂಬ ಧ್ವನಿ ಕನ್ನಡ ನಾಡಿನ ನೂರಾರು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಜೋಡಿಸಿದ ಯಂತ್ರದಿಂದ ಬಂದುದು. ನನ್ನ ಸೋದರಮಾವನೊಬ್ಬ ಈ ಸೀಮೆಯಿಂದಲೇ ಹೋಗಿ ಅಲ್ಲಿ ಕೆಲಸಕ್ಕೆ ಸೇರಿದ್ದ. ರಜೆಯಲ್ಲಿ ಬಂದಾಗ ಆತ ಹೇಳುತ್ತಿದ್ದುದು ಒಂದೇ ಮಾತು: "ನಮ್ಮ ಮಗ್ಗದಲ್ಲಿ ನೂಲು ಸುತ್ತಿದ ಕೈಗೆ ಅಲ್ಲಿ ತಂತಿ ಸುತ್ತುವುದು ಕಷ್ಟವಾಗಲಿಲ್ಲಪ್ಪ." ಕಂಡಿಕೆ ಸುತ್ತಿ ಬಲ್ಲ ನಮ್ಮ ತಾಯಂದಿರು ಈ ಮಾತಿನ ಸತ್ಯವನ್ನು ಬಲ್ಲರು.

ಕಾರ್ಖಾನೆ ಬೆಳೆಯಿತು. ಶ್ರೀನಗರ, ನೈನಿ, ರಾಯಬರೇಲಿ, ಪಾಲಕ್ಕಾಡು, ಮಂಕಾಪುರಗಳಲ್ಲಿ ಶಾಖೆಗಳಾದುವು. ಆದರೆ ಅದರಿಂದ ಮುಖ್ಯವಾಗಿ ಕೊಳ್ಳುತ್ತಿದ್ದುದು ಸರ್ಕಾರದ ಟೆಲಿಫೋನು ಇಲಾಖೆಯೇ. ಎಷ್ಟು ಮಾಡಬೇಕು, ಎಂಥದನ್ನು ಮಾಡಬೇಕು ಎಂಬುದನ್ನು ಇಲಾಖೆಯೇ ಗೊತ್ತುಮಾಡುತ್ತಿತ್ತು. ಟೆಲಿಫೋನಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ನಿಂತ ಜನರ ಮಾತು ಕಾರ್ಖಾನೆಯವರೆಗೆ ಬರುವ ದಾರಿಯೇ ಇರಲಿಲ್ಲ. 1980ರ ದಶಕದ ನಡುವೆ ಟೆಲಿಫೋನು ಮಾಡುವ ಅವಕಾಶ ಖಾಸಗಿಯವರಿಗೂ ದೊರೆಯಿತು. 1991ರ ಬಳಿಕ ಪರದೇಶದ ಕಂಪೆನಿಗಳು ಬಂದುವು. ಆಮೇಲೆ ಮೊಬೈಲು ಬಂದು ತಂತಿಯ ಟೆಲಿಫೋನನ್ನೇ ಮೂಲೆಗೆ ತಳ್ಳಿತು. ಕಾರ್ಖಾನೆ ನಷ್ಟಕ್ಕೆ ಸಿಕ್ಕಿ, ಸಾವಿರಾರು ಮಂದಿ ಅವಧಿಗೆ ಮೊದಲೇ ನಿವೃತ್ತಿ ಪಡೆದರು. ಸಂಸ್ಥೆ ಇಂದಿಗೂ ಉಳಿದಿದೆ, ಬೇರೆ ಕೆಲಸಗಳನ್ನು ಕೈಕೊಂಡಿದೆ. ಹಿಂದಿನ ವೈಭವ ಉಳಿದಿಲ್ಲ.

ಈ ಕಥೆಗಳಲ್ಲಿ ನಮ್ಮ ತರುಣರು ಗಮನಿಸಬೇಕಾದುದೇನು? ಅಡಿಗೆಮನೆಯಲ್ಲಾಗಲಿ, ತೋಟದ ಮನೆಯಲ್ಲಾಗಲಿ, ಸೋಫಾದ ಹಣದಿಂದಾಗಲಿ ಉದ್ಯಮ ಹುಟ್ಟಬಲ್ಲದು. ಬಂಡವಾಳ ಕಡಮೆಯೆಂದು ಹೆದರಬೇಕಾಗಿಲ್ಲ. ಕಾಸ್ ಗೆದ್ದದ್ದು, ಜನ ಯಾವುದನ್ನು ಬೇಡುತ್ತಿದ್ದಾರೆಂದು ಪ್ರದರ್ಶನದ ಮೇಜಿನ ಹಿಂದೆ ನಿಂತು ಕೇಳಿಸಿಕೊಂಡುದರಿಂದ. ಬಾಲ್ಡ್‌ವಿನ್ ಸೋತದ್ದು ಲೆಕ್ಕವನ್ನು ನೋಡದೆ. ಬೆಂಗಳೂರಿನ ಕಾರ್ಖಾನೆ ಬಳಲಿದ್ದು, ಬಳಸುವವರಿಗೂ ಮಾಡುವವರಿಗೂ ನಡುವೆ ಗೋಡೆ ಎದ್ದುದರಿಂದ. ಇಂದು ನಮ್ಮ ನೆರೆಯ ಹೊಸೂರಿನ ಸೀಮೆಯಲ್ಲಿ ಟಾಟಾ ಎಲೆಕ್ಟ್ರಾನಿಕ್ಸಿನವರ ದೊಡ್ಡ ಕಾರ್ಖಾನೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮೊಬೈಲು ಫೋನಿನ ಭಾಗಗಳನ್ನು ಮಾಡುತ್ತಿದ್ದಾರೆ. ಅಲ್ಲಿಗೆ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳು ಕೂಲಿಯನ್ನು ಮಾತ್ರ ತರದೆ ವಿದ್ಯೆಯನ್ನೂ ತರಲಿ ಎಂದು ಹಾರೈಸುತ್ತೇನೆ.

ಇನ್ನು ಒಂದು ಎಚ್ಚರಿಕೆಯ ಮಾತು. ಜಲಕಂಠಾಪುರ, ತಾರಮಂಗಲ ಮೊದಲಾಗಿ ನಮ್ಮ ಸುತ್ತಿನ ಊರುಗಳಲ್ಲಿ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಿದೆ. ಆ ಮಗ್ಗದ ಮನೆಯ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ಲನ್ನು ಮೀರುತ್ತದೆ. ಅದರ ನಡುವೆ ದುಡಿಯುವ ಹುಡುಗ ಬೇಸರ ಕಳೆಯಲು ಹೆಡ್‌ಫೋನು ಹಚ್ಚಿ, ಮಗ್ಗದ ಸದ್ದನ್ನು ಮೀರಿ ಹಾಡು ಕೇಳಿಸಲೆಂದು ಧ್ವನಿಯನ್ನು ಇನ್ನೂ ಏರಿಸುತ್ತಾನೆ. ದೊಡ್ಡವರು 80 ಡೆಸಿಬಲ್ಲಿನ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಧ್ವನಿ 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿರಿ: 92 ಡೆಸಿಬಲ್ಲಿಗೆ ವಾರಕ್ಕೆ ಎರಡೂವರೆ ಗಂಟೆ ಮಾತ್ರ! ಒಳಗಿವಿಯ ಸೂಕ್ಷ್ಮವಾದ ಕೂದಲಿನಂಥ ಕಣಗಳು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ. ಮೈಸೂರಿನಲ್ಲಿ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿಯ ಪರೀಕ್ಷೆಗೂ ಚಿಕಿತ್ಸೆಗೂ ದೇಶಕ್ಕೇ ಹೆಸರಾಗಿದೆ. ಅಲ್ಲಿಗೆ ಹೋಗುವ ಪ್ರಸಂಗ ಬಾರದಿರಲೆಂದೇ ಈ ಮಾತು. ಕಿವಿಯಲ್ಲಿ ಮಾತ್ರ ಉಳಿದಿರುವ ಭಾಷೆಯವರು ಕಿವಿಯನ್ನೂ ಕಳೆದುಕೊಂಡರೆ ಉಳಿಯುವುದೇನು?

ಕಡೆಯದಾಗಿ ನನ್ನದೊಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನನ್ನ ಸೋದರತ್ತೆಯೊಬ್ಬಳಿದ್ದಳು. ಅಕ್ಷರ ಬಾರದವಳು. ಮಗ್ಗದ ಮುಂದೆ ಕುಳಿತು ಲಾಳಿಯ ಓಟಕ್ಕೆ ಸರಿಯಾಗಿ ಹಾಡುತ್ತಿದ್ದಳು. ಹಾಸು, ಹೊಕ್ಕು, ಗಂಜಿ, ಬಣ್ಣ, ಮದುವೆಯಾಗಿ ಹೋದ ಮಗಳು ಎಲ್ಲವೂ ಆ ಹಾಡಿನಲ್ಲಿ ಬರುತ್ತಿದ್ದುವು. ಮೆಟ್ಟೂರಿನ ಅಣೆಕಟ್ಟು 1934ರಲ್ಲಿ ಪೂರ್ಣವಾಗಿ ನೀರಿನಲ್ಲಿ ಮುಳುಗಿದ ಹಳ್ಳಿಗಳ ಹೆಸರುಗಳನ್ನು ಆಕೆಯ ತಾಯಿ ಒಂದು ಹಾಡಿನಲ್ಲಿ ಪೋಣಿಸಿದ್ದಳಂತೆ. ಅದೂ ಆಕೆಗೆ ಬಾಯಿಪಾಠವಾಗಿತ್ತು. ನನ್ನ ಕಿಸೆಯಲ್ಲಿ ಧ್ವನಿಯನ್ನು ಮುದ್ರಿಸುವ ಫೋನು ಇತ್ತು. "ಮುಂದಿನ ಹಬ್ಬಕ್ಕೆ ಬಂದಾಗ ಮುದ್ರಿಸಿಕೊಳ್ಳುತ್ತೇನತ್ತೆ" ಎಂದೆ. "ಬಾರಪ್ಪ, ನಾನೆಲ್ಲಿ ಹೋಗ್ತೀನಿ" ಎಂದಳು. ಹಬ್ಬ ಬರುವ ಮೊದಲೇ ಆಕೆ ಹೋದಳು. ಜಲಾಶಯದ ನೀರು ಇಳಿದಾಗ ಪಣ್ಣವಾಡಿಯ ಬಳಿ ಮುಳುಗಿದ ಗುಡಿಯ ನಂದಿ ಮತ್ತೆ ಕಾಣಿಸುತ್ತದೆ, ತಾವೆಲ್ಲರೂ ನೋಡಿದ್ದೀರಿ. ನನ್ನ ಅತ್ತೆಯ ಹಾಡು ಯಾವ ಬೇಸಗೆಯಲ್ಲಿಯೂ ಮೇಲೆ ಬರಲಾರದು.

ಆದುದರಿಂದ ಸಂಘದವರಲ್ಲಿ ನನ್ನದೊಂದು ಬಿನ್ನಹ. ಬರುವ ವರ್ಷದ ಉತ್ಸವದೊಳಗಾಗಿ ನಮ್ಮ ಮನೆಮನೆಯ ಹಿರಿಯರ ಹಾಡು, ಗಾದೆ, ಒಗಟು, ಮಗ್ಗದ ಮಾತು, ಬೇಸಾಯದ ಮಾತುಗಳನ್ನು ನಮ್ಮ ಹುಡುಗರು ತಮ್ಮ ಫೋನುಗಳಲ್ಲಿ ಮುದ್ರಿಸಿ ತರಲಿ. ಹೇಳಿದವರ ಅನುಮತಿ ಪಡೆದು, ಹೆಸರು, ಊರು, ದಿನಾಂಕಗಳನ್ನು ಬರೆದು, ಎರಡೆರಡು ಪ್ರತಿಗಳನ್ನು ಮಾಡಿ ಸಂಘದಲ್ಲಿ ಇಡಲಿ. ಸಂಘದ ಕೊಠಡಿಯ ಒಂದು ಮೂಲೆಯಲ್ಲಿ ಹೆಡ್‌ಫೋನುಗಳನ್ನಿಟ್ಟು, ಕನ್ನಡದ ಅಕ್ಷರ ಕಲಿಯುವ ಮಕ್ಕಳು ಅವನ್ನು ಹಚ್ಚಿಕೊಂಡು, ತಮ್ಮ ಅಜ್ಜಿ ಹೇಳಿದ ಮಾತನ್ನು ಕೇಳುತ್ತ ಕೇಳುತ್ತ ಬರೆಯಲಿ. ಪರರ ಪಾಠವನ್ನು ನಕಲು ಮಾಡುವುದಕ್ಕಿಂತ ಇದು ಬೇಗ ಮನಸ್ಸಿಗೆ ಹತ್ತುವುದು. ಕಿವಿಯಲ್ಲಿ ಉಳಿದ ಕನ್ನಡ ಹೀಗೆ ಕೈಗೂ ಕಣ್ಣಿಗೂ ಮರಳಿ ಬರಲಿ. ಈ ಕಾರ್ಯಕ್ಕೆಂದು ಎರಡು ಜೊತೆ ಹೆಡ್‌ಫೋನುಗಳನ್ನು ಕೊಂಡು ತಂದಿದ್ದೇನೆ. ಅಧ್ಯಕ್ಷರು ದಯವಿಟ್ಟು ಸ್ವೀಕರಿಸಬೇಕು.

ನಿಲ್ದಾಣದಲ್ಲಿ ನನಗೆ ದಾರಿ ತೋರಿಸಿದ ಆ ಹುಡುಗ ಈಗ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಮನೆಯಲ್ಲಿ ಯಾರಿದ್ದಾರೆಂದು ಬರುವಾಗ ಕೇಳಿದೆ. ಅಜ್ಜಿ ಇದ್ದಾಳೆ, ರಾತ್ರಿ ಕಥೆ ಹೇಳುತ್ತಾಳೆ ಎಂದ. ಮಗು, ಮೊದಲನೆಯ ಮುದ್ರಣ ನಿನ್ನದಾಗಲಿ. ಹಬ್ಬದವರೆಗೆ ಕಾಯಬೇಡ, ಈ ರಾತ್ರಿಯೇ ಆಗಲಿ.